ಎದೆ ಝಲ್ಲೆಂದ ಮೇಲೆ, ಕೈ ಏಳುವವರೆಗೆ

2011ರ ಅಕ್ಟೋಬರ್ 13ರ ಸಂಜೆ. ದಕ್ಷಿಣ ಚೀನಾದ ಫೋಶಾನ್ ನಗರದಲ್ಲಿ ಹಾರ್ಡ್‌ವೇರ್ ಅಂಗಡಿಗಳೇ ತುಂಬಿದ ಒಂದು ಕಿರಿದಾದ ರಸ್ತೆ. ಎರಡು ವರ್ಷದ ಹೆಣ್ಣುಮಗು ಒಬ್ಬಳೇ ನಡೆದು ಬರುತ್ತಿದ್ದಳು. ವ್ಯಾನೊಂದು ಗುದ್ದಿತು. ಚಾಲಕ ಒಂದು ಕ್ಷಣ ನಿಲ್ಲಿಸಿದ. ಆಮೇಲೆ ಹಿಂದಿನ ಚಕ್ರವನ್ನೂ ಅವಳ ಮೇಲೆ ಹರಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಇನ್ನೊಂದು ವಾಹನವೂ ಹರಿಯಿತು. ಎಲ್ಲವೂ ಸಿಸಿಟಿವಿಯಲ್ಲಿ ದಾಖಲಾಗಿದೆ. ಸುಮಾರು ಏಳು ನಿಮಿಷದಲ್ಲಿ 18 ಜನ ಆ ದಾರಿಯಲ್ಲಿ ಹಾದುಹೋದರು. ಕೆಲವರು ತಿರುಗಿ ನೋಡಿದರು. ಒಬ್ಬ ಹೆಂಗಸಿನ ಕೈಯಲ್ಲಿ ಅವಳದೇ ಮಗುವಿನ ಕೈ ಇತ್ತು. ಕೊನೆಗೆ ಬಂದವರು ಗುಜರಿ ಆಯುವ ಒಬ್ಬ ವಯಸ್ಸಾದ ಮಹಿಳೆ. ಚೀಲ ಕೆಳಗಿಟ್ಟರು, ಮಗುವನ್ನು ರಸ್ತೆಬದಿಗೆ ಎಳೆದುಕೊಂಡರು, ಇದು ಯಾರ ಮಗು ಅಂತ ಕೂಗಿದರು. ಎಂಟು ದಿನದ ನಂತರ ಆ ಮಗು ತೀರಿಕೊಂಡಿತು.

ಆ ದೃಶ್ಯ ಕೋಟ್ಯಂತರ ಜನರ ಫೋನಿನಲ್ಲಿ ಓಡಿತು. ನಮಗೆ ಏನಾಗಿದೆ ಅಂತ ಇಡೀ ದೇಶ ಕೇಳಿಕೊಂಡಿತು. ಈ ಪ್ರಶ್ನೆ ಅಲ್ಲಿ ಬೇರೆ ಕಡೆಗಿಂತ ಜಾಸ್ತಿ ಚುಚ್ಚಲು ಒಂದು ಕಾರಣವಿದೆ. ಮನುಷ್ಯ ಹುಟ್ಟಿನಿಂದ ಒಳ್ಳೆಯವನು ಅನ್ನಲು ಚೀನಾದಲ್ಲಿ 2300 ವರ್ಷಗಳಿಂದ ಕೊಡುತ್ತಾ ಬಂದಿರುವ ಉದಾಹರಣೆಯೇ ಸಾಯಲಿರುವ ಒಂದು ಪುಟ್ಟ ಮಗು ಮತ್ತು ಅದನ್ನು ನೋಡುವ ದಾರಿಹೋಕ.

ಉದಾಹರಣೆ ಕೊಟ್ಟವನು ಮೆನ್ಸಿಯಸ್. ಚೀನಿಯರ ಬಾಯಲ್ಲಿ ಮೆಂಗ್‌ಝಿ. ಕ್ರಿ.ಪೂ. 4ನೇ ಶತಮಾನದವನು, ಈಗಿನ ಶಾನ್‌ಡಾಂಗ್ ಪ್ರಾಂತ್ಯದ ಝೌ ಎಂಬ ಪುಟ್ಟ ರಾಜ್ಯದವನು. ಅವನು ಹೇಳಿದ್ದು ಇಷ್ಟು: ಬಾವಿಗೆ ಬೀಳಲಿರುವ ಮಗುವನ್ನು ತಟ್ಟನೆ ಕಂಡರೆ ಯಾರಿಗೇ ಆದರೂ ಎದೆ ಝಲ್ಲೆನ್ನುತ್ತದೆ, ಕರುಳು ಚುರ್ ಎನ್ನುತ್ತದೆ. ಆ ಮಗುವಿನ ಅಪ್ಪ ಅಮ್ಮನ ಸ್ನೇಹ ಗಿಟ್ಟಿಸೋಣ ಅಂತ ಅಲ್ಲ. ಊರವರು, ಗೆಳೆಯರು ಹೊಗಳಲಿ ಅಂತ ಅಲ್ಲ. ಮಗುವಿನ ಕಿರುಚಾಟ ಕೇಳಲಾರದೆಯೂ ಅಲ್ಲ. ಲೆಕ್ಕ ಹಾಕಲು ಪುರಸೊತ್ತೇ ಇಲ್ಲದ ಆ ಗಳಿಗೆಯಲ್ಲಿ ಏಳುವ ನೋವು ಮನುಷ್ಯನ ಒಳಗಿನದೇ.

ಈ ಭಾಗವನ್ನು ನಿಧಾನವಾಗಿ ಓದಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಆ ಮನುಷ್ಯ ಓಡಿಹೋಗಿ ಮಗುವನ್ನು ಎತ್ತಿಕೊಂಡ ಅಂತ ಮೆನ್ಸಿಯಸ್ ಎಲ್ಲೂ ಹೇಳುವುದಿಲ್ಲ. ಎದೆ ಝಲ್ಲೆಂದಿತು ಅನ್ನುವಲ್ಲಿಗೆ ನಿಲ್ಲಿಸುತ್ತಾನೆ. ಎದೆ ಝಲ್ಲೆಂದದ್ದಕ್ಕೂ ಕೈ ಏಳುವುದಕ್ಕೂ ನಡುವೆ ಒಂದು ದಾರಿ ಇದೆ. ಮೆನ್ಸಿಯಸ್‌ಗೂ ಹಿಂದಿನ ಗುರು ಕನ್‌ಫ್ಯೂಷಿಯಸ್‌ನಿಂದ ಶುರುವಾಗಿ ಮುನ್ನೂರು ವರ್ಷ ಆ ಪರಂಪರೆಯ ಗುರು-ಶಿಷ್ಯರು ತಲೆಕೆಡಿಸಿಕೊಂಡದ್ದೆಲ್ಲ ಈ ದಾರಿಯ ಬಗ್ಗೆಯೇ ಅಂತ ನನಗೆ ಅನಿಸುತ್ತದೆ. 'ಮೆನ್ಸಿಯಸ್ ಮನುಷ್ಯ ಒಳ್ಳೆಯವನು ಅಂದ, ಅವನ ನಂತರ ಬಂದ ಶುನ್‌ಝಿ ಕೆಟ್ಟವನು ಅಂದ' ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಈ ದಾರಿಯೇ ಕಾಣುವುದಿಲ್ಲ.

ಆ ಝಲ್ ನನಗೂ ಗೊತ್ತು. ಕೆಲವು ವರ್ಷದ ಹಿಂದೆ ನಮ್ಮ ಬೀದಿಯಲ್ಲಿ ನೀರಿನ ಟ್ಯಾಂಕರ್ ಬಂದಿತ್ತು. ಎದುರು ಮನೆಯ ಸಂಪಿನ ಮುಚ್ಚಳ ತೆಗೆದು ಪಕ್ಕಕ್ಕೆ ಇಟ್ಟಿದ್ದರು. ಪೈಪು ಹಾಕುವವನು ಟ್ಯಾಂಕರ್ ಕಡೆ ತಿರುಗಿದ್ದ. ಆ ಮನೆಯ ಮೊಮ್ಮಗು ಹೊಸದಾಗಿ ನಡೆಯಲು ಕಲಿತಿತ್ತು. ಒಂದು ಸ್ಟೀಲ್ ಲೋಟ ಹಿಡಿದುಕೊಂಡು ಸೀದಾ ಸಂಪಿನ ಬಾಯಿಗೆ ಬರುತ್ತಿತ್ತು. ನಾನು ಗೇಟಿನ ಆಚೆ ಇದ್ದೆ. ಎದೆ ಹಾರಿದ್ದು ಚೆನ್ನಾಗಿ ನೆನಪಿದೆ. ಕಾಲು ಮಾತ್ರ ಅಲ್ಲೇ ನಿಂತಿತ್ತು. ಓಡಿ ಬಂದು ಮಗುವನ್ನು ಎತ್ತಿಕೊಂಡವಳು ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುವ ಹುಡುಗಿ. ಆಕೆಗೂ ನನಗೂ ಎದೆ ಒಂದೇ ಥರ ಹಾರಿರಬೇಕು. ಆಕೆ ಮನೆಯಲ್ಲಿ ಮೂವರು ತಮ್ಮಂದಿರನ್ನು ಸಾಕಿದವಳು. ಕೈಗೆ ರೂಢಿ ಇತ್ತು.

ರೂಢಿ ಅನ್ನುವ ಮಾತು ಕನ್‌ಫ್ಯೂಷಿಯಸ್‌ನದೇ. ಕ್ರಿ.ಪೂ. 551ರಿಂದ 479ರವರೆಗೆ ಬದುಕಿದ್ದ, ಲು ರಾಜ್ಯದ ಚೂಫು ಊರಿನವನು. ಮನುಷ್ಯನ ಸ್ವಭಾವದ ಬಗ್ಗೆ ಅವನು ಜಾಸ್ತಿ ಮಾತಾಡಲಿಲ್ಲ. ಈ ವಿಷಯದಲ್ಲಿ ಗುರುಗಳ ಮಾತು ಕೇಳಲು ಸಿಗುವುದೇ ಇಲ್ಲ ಅಂತ ಶಿಷ್ಯ ಝಿಗಾಂಗ್ ಹೇಳಿದ್ದಾನೆ. ಶಿಷ್ಯರು ಕೂಡಿಸಿದ 'ಲುನ್‌ಯು' ಎಂಬ ಸಂಗ್ರಹದಲ್ಲಿ ಒಂದೇ ಒಂದು ಸಾಲು ಸಿಗುತ್ತದೆ. ಹುಟ್ಟಿನಿಂದ ಜನ ಹತ್ತಿರ ಹತ್ತಿರ, ರೂಢಿಯಿಂದ ದೂರ ದೂರ. ನಮ್ಮಲ್ಲಿ 'ಹುಟ್ಟುಗುಣ ಸುಟ್ಟರೂ ಹೋಗದು' ಅಂತಾರಲ್ವಾ, ಅದಕ್ಕೆ ಪೂರ್ತಿ ಎದುರು ಮಾತು ಇದು.

ತನ್ನ ಬಗ್ಗೆಯೇ ಅವನು ಹೇಳಿಕೊಂಡ ಒಂದು ಮಾತು ಇನ್ನೂ ಮುಖ್ಯ. ಹದಿನೈದಕ್ಕೆ ಕಲಿಯಲು ಮನಸ್ಸಿಟ್ಟೆ. ಮೂವತ್ತಕ್ಕೆ ನನ್ನ ಕಾಲ ಮೇಲೆ ನಿಂತೆ. ನಲವತ್ತಕ್ಕೆ ಗೊಂದಲ ಹೋಯಿತು. ಐವತ್ತಕ್ಕೆ ಆಕಾಶದ ಆಜ್ಞೆ ಏನೆಂದು ತಿಳಿಯಿತು. ಅರವತ್ತಕ್ಕೆ ಕಿವಿ ಪಳಗಿತು. ಎಪ್ಪತ್ತಕ್ಕೆ ಮನಸ್ಸು ಹೋದ ಕಡೆ ಹೋದರೂ ಗೆರೆ ದಾಟುತ್ತಿರಲಿಲ್ಲ. ಲೆಕ್ಕ ಹಾಕಿ, ಐವತ್ತೈದು ವರ್ಷ! ಅಷ್ಟು ದೊಡ್ಡ ಗುರುವಿಗೂ ಮನಸ್ಸು ಬಯಸುವುದೂ ಸರಿಯಾದದ್ದೂ ಒಂದಾಗಲು ಅಷ್ಟು ಕಾಲ ಹಿಡಿಯಿತು. ಒಳ್ಳೆಯವರಾಗುವುದು ಎಂದರೆ ಒಂದು ದಿನ ಜ್ಞಾನೋದಯ ಆಗಿ ಮುಗಿಯುವ ಕೆಲಸ ಅಂತ ಅವನು ಯಾವತ್ತೂ ತಿಳಿಯಲಿಲ್ಲ. ಝಿಗಾಂಗ್ ಹೇಳಿದಾಗ ಅವನು ಮೆಚ್ಚಿಕೊಂಡ ಹೋಲಿಕೆ ಒಂದು ಹಳೆಯ ಹಾಡಿನದು: ಕತ್ತರಿಸಿದ ಹಾಗೆ, ಅರದಿಂದ ಉಜ್ಜಿದ ಹಾಗೆ, ಕೊರೆದ ಹಾಗೆ, ಹೊಳಪು ಕೊಟ್ಟ ಹಾಗೆ. ಮೂಳೆ, ಕಲ್ಲುಗಳ ಮೇಲೆ ಕೆಲಸ ಮಾಡುವವರ ಮಾತು ಅದು.

ಅವನು ಹೋದ ಮೇಲೆ ಸುಮಾರು ನೂರೈವತ್ತು ವರ್ಷಕ್ಕೆ ವಾದ ಬಿಸಿಯೇರಿತು. ರಾಜ್ಯ ರಾಜ್ಯಗಳು ಒಂದನ್ನೊಂದು ನುಂಗುತ್ತಿದ್ದ ಕಾಲ. ಗಾವೋಝಿ ಎಂಬವನು ಮೆನ್ಸಿಯಸ್‌ಗೆ ಹೇಳಿದ: ಸ್ವಭಾವ ಅಂದರೆ ಸುತ್ತುತ್ತಿರುವ ನೀರಿದ್ದ ಹಾಗೆ. ಪೂರ್ವಕ್ಕೆ ಕಾಲುವೆ ತೋಡಿದರೆ ಪೂರ್ವಕ್ಕೆ, ಪಶ್ಚಿಮಕ್ಕೆ ತೋಡಿದರೆ ಪಶ್ಚಿಮಕ್ಕೆ ಹರಿಯುತ್ತದೆ. ಅದಕ್ಕೆ ಒಳ್ಳೆಯದು ಕೆಟ್ಟದ್ದು ಅಂತಿಲ್ಲ. ಮೆನ್ಸಿಯಸ್ ಬಿಡಲಿಲ್ಲ. ನೀರಿಗೆ ಪೂರ್ವ ಪಶ್ಚಿಮ ಇಲ್ಲದಿರಬಹುದು, ಮೇಲೆ ಕೆಳಗೆ ಇಲ್ಲವೇ? ಕೈಯಿಂದ ಬಡಿದರೆ ನೀರು ಹಣೆಯವರೆಗೆ ಹಾರುತ್ತದೆ. ಕಟ್ಟೆ ಕಟ್ಟಿದರೆ ಗುಡ್ಡವನ್ನೂ ಏರುತ್ತದೆ. ಅದು ನೀರಿನ ಗುಣವೇನು? ಹಾಗೆ ಮಾಡಿಸಿದ್ದು ಒತ್ತಡ.

ಹೋಲಿಕೆಯಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಹಾಗಾಗಿ ಮೆನ್ಸಿಯಸ್‌ನ ಗಟ್ಟಿ ಮಾತು ಇದಲ್ಲ, ಅವನು ಹೇಳುವ ನಾಲ್ಕು ಮೊಳಕೆ. ಇನ್ನೊಬ್ಬರ ನೋವಿಗೆ ಮರುಗುವುದು, ನಾಚಿಕೆ, ಬಿಟ್ಟುಕೊಡುವ ಗುಣ, ಸರಿ ತಪ್ಪು ಹೊಳೆಯುವುದು. ಕೈಕಾಲು ನಾಲ್ಕಿರುವ ಹಾಗೆ ಇವು ನಾಲ್ಕೂ ಎಲ್ಲರಿಗೂ ಇವೆ. ಮೊಳಕೆ ಎಂಬ ಪದವನ್ನು ಅವನು ಸುಮ್ನೆ ಆರಿಸಿದ್ದಲ್ಲ. ಮೊಳಕೆ ಫಸಲಲ್ಲ. ನೀರು ಬೇಕು, ಬೇಲಿ ಬೇಕು, ಕಾಯಬೇಕು. ಸಾಂಗ್ ರಾಜ್ಯದ ರೈತನೊಬ್ಬ ಪೈರು ಬೇಗ ಬೆಳೆಯಲಿ ಅಂತ ಒಂದೊಂದನ್ನೇ ಮೇಲಕ್ಕೆ ಎಳೆದನಂತೆ. ಮನೆಗೆ ಬಂದು, 'ಇವತ್ತು ಸುಸ್ತಾಯಿತು, ಪೈರು ಬೆಳೆಯಲು ಸಹಾಯ ಮಾಡಿ ಬಂದೆ' ಅಂದ. ಮಗ ಓಡಿಹೋಗಿ ನೋಡಿದರೆ ಎಲ್ಲ ಒಣಗಿತ್ತು. ಮಕ್ಕಳಿಗೆ ಒಳ್ಳೆಯ ಗುಣವನ್ನು ಬೈದು ಬಡಿದು ಬೇಗ ಬೇಗ ಬರಿಸಲು ಹೊರಡುವ ನಾವೆಲ್ಲ ಈ ಕತೆಯನ್ನು ಮನೆಯ ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಫೋಶಾನ್ ಘಟನೆಗೆ ಮೆನ್ಸಿಯಸ್ ಏನು ಅನ್ನುತ್ತಿದ್ದ? ಉತ್ತರ ಅವನ ಎತ್ತಿನ ಬೆಟ್ಟದ ಮಾತಿನಲ್ಲಿದೆ. ಆ ಬೆಟ್ಟದ ಮೇಲೆ ಒಂದು ಕಾಲಕ್ಕೆ ಸೊಗಸಾದ ಕಾಡಿತ್ತು. ದೊಡ್ಡ ರಾಜಧಾನಿ ಪಕ್ಕದಲ್ಲೇ ಇದ್ದದ್ದರಿಂದ ದಿನಾ ಕೊಡಲಿ ಬಿತ್ತು. ರಾತ್ರಿಯ ತಂಪಿಗೆ, ಮಳೆ ಮಂಜಿಗೆ ಮತ್ತೆ ಚಿಗುರು ಬರುತ್ತಿತ್ತು. ಬೆಳಗಾದರೆ ದನ, ಕುರಿ ಬಂದು ಮೇಯುತ್ತಿದ್ದವು. ಕಡೆಗೆ ಬೆಟ್ಟ ಬೋಳಾಯಿತು. ಈಗ ನೋಡುವವರು ಇಲ್ಲಿ ಮರವೇ ಇರಲಿಲ್ಲ ಅಂದುಕೊಳ್ಳುತ್ತಾರೆ. ಬೋಳು ಅದರ ಸ್ವಭಾವವೇ? ಮನುಷ್ಯನ ಮನಸ್ಸೂ ಹೀಗೆಯೇ ಅಂತಾನೆ ಅವನು. ರಾತ್ರಿ ನಿದ್ದೆಯಲ್ಲಿ ಸ್ವಲ್ಪ ಚಿಗುರುತ್ತದೆ, ಹಗಲಿನ ವ್ಯವಹಾರ ಅದನ್ನು ಮೇಯ್ದುಬಿಡುತ್ತದೆ.

ಆ 18 ಜನರ ಹಗಲು ಎಂಥದ್ದಿತ್ತು? ಇಲ್ಲಿ ಇನ್ನೊಂದು ಪ್ರಕರಣ ಹೇಳಲೇಬೇಕು. 2006ರಲ್ಲಿ ನಾನ್‌ಜಿಂಗ್ ನಗರದಲ್ಲಿ ಬಸ್‌ಸ್ಟಾಪಿನಲ್ಲಿ ಬಿದ್ದ ವಯಸ್ಸಾದ ಹೆಂಗಸನ್ನು ಒಬ್ಬ ಯುವಕ ಎತ್ತಿ ಆಸ್ಪತ್ರೆಗೆ ಸೇರಿಸಿದ. ಆಮೇಲೆ ಆಕೆ, ಬೀಳಿಸಿದ್ದೇ ಇವನು ಅಂತ ಕೇಸು ಹಾಕಿದಳು. ಆಕೆಗಾದ ನಷ್ಟದ ಶೇ. 40ರಷ್ಟನ್ನು ಅವನೇ ಕೊಡಬೇಕು ಅಂತ 2007ರಲ್ಲಿ ಕೋರ್ಟು ಹೇಳಿತು. ಜನರನ್ನು ಕೆರಳಿಸಿದ್ದು ಹಣವಲ್ಲ, ತೀರ್ಪಿನಲ್ಲಿದ್ದ ಒಂದು ತರ್ಕ. ಲೋಕರೂಢಿಯ ಪ್ರಕಾರ, ಬೀಳಿಸದೇ ಇದ್ದವನು ಹಾಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ದುಡ್ಡು ಕೊಡುತ್ತಿರಲಿಲ್ಲ ಎಂಬ ಅರ್ಥದ ಮಾತು. ಅಂದರೆ ತಪ್ಪಿಲ್ಲದವನು ಸುಮ್ಮನೆ ಹೋಗುತ್ತಾನೆ, ಸಹಾಯ ಮಾಡಿದ್ದೇ ತಪ್ಪಿಗೆ ಸಾಕ್ಷಿ! ಮೆನ್ಸಿಯಸ್‌ನ ಬಾವಿಯ ಮಾತನ್ನು ಆ ದೇಶದ್ದೇ ಒಂದು ಕೋರ್ಟು ತಲೆಕೆಳಗು ಮಾಡಿತ್ತು. ತಾನು ಡಿಕ್ಕಿ ಹೊಡೆದದ್ದು ನಿಜ ಅಂತ ಆ ಯುವಕ ಒಪ್ಪಿಕೊಂಡ ಸುದ್ದಿ 2012ರಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ತಡವಾಗಿತ್ತು. ಬಿದ್ದವರನ್ನು ಮುಟ್ಟಿದರೆ ಕೇಸು ಅನ್ನುವ ಭಯ ಊರೂರಿಗೆ ಹಬ್ಬಿತ್ತು. ದಿನಾ ಬೀಳುವ ಕೊಡಲಿ ಅಂದರೆ ಇದೇ.

ಆದರೂ 'ಕೊಡಲಿಯದ್ದೇ ತಪ್ಪು' ಅಂತ ಮೆನ್ಸಿಯಸ್ ನಮ್ಮನ್ನು ಬಿಟ್ಟುಬಿಡುವುದಿಲ್ಲ. ಚಿ ರಾಜ್ಯದ ದೊರೆ ಶುಆನ್ ಜೊತೆ ಅವನ ಮಾತುಕತೆ ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟ. ಹೊಸದಾಗಿ ಎರಕ ಹೊಯ್ದ ಗಂಟೆಗೆ ರಕ್ತ ಬಳಿಯಲು ಒಂದು ಎತ್ತನ್ನು ಎಳೆದೊಯ್ಯುತ್ತಿದ್ದರು. ಮೇಲೆ ಕೂತಿದ್ದ ದೊರೆ ಅದನ್ನು ಕಂಡ. 'ಬಿಡಿ ಅದನ್ನು. ತಪ್ಪಿಲ್ಲದೆ ಸಾಯಲು ಹೋಗುವವನ ಹಾಗೆ ನಡುಗುತ್ತಿದೆ, ನೋಡಲಾರೆ' ಅಂದ. ಶಾಸ್ತ್ರ ಬಿಡಲಾಗದು ಅಂತ ಎತ್ತಿನ ಬದಲು ಕುರಿ ಕೊಡಿ ಅಂದ. ದೊರೆ ಜುಗ್ಗ ಅಂತ ಊರೆಲ್ಲ ಆಡಿಕೊಂಡಿತು. ಮೆನ್ಸಿಯಸ್ ಹಾಗೆ ಅನ್ನಲಿಲ್ಲ. ನೀವು ಎತ್ತನ್ನು ಕಂಡಿರಿ, ಕುರಿಯನ್ನು ಕಾಣಲಿಲ್ಲ, ಅಷ್ಟೇ ಅಂದ. ಆಮೇಲೆ ಸರಿಯಾಗಿ ಹಿಡಿದುಕೊಂಡ. ಎತ್ತಿಗೆ ಮುಟ್ಟಿದ ನಿಮ್ಮ ಕರುಣೆ ನಿಮ್ಮ ಪ್ರಜೆಗಳಿಗೆ ಯಾಕೆ ಮುಟ್ಟುತ್ತಿಲ್ಲ? ತಾಯ್ ಪರ್ವತವನ್ನು ಕಂಕುಳಲ್ಲಿ ಇಟ್ಟುಕೊಂಡು ಸಮುದ್ರ ಹಾರು ಅಂದರೆ, ಆಗಲ್ಲ ಅನ್ನುವುದು ನಿಜ. ಹಿರಿಯರಿಗೆ ಒಂದು ರೆಂಬೆ ಮುರಿದುಕೊಡು ಅಂದಾಗಲೂ ಆಗಲ್ಲ ಅಂದರೆ, ಅದು ಆಗದ್ದಲ್ಲ, ಮಾಡದ್ದು.

ಮೆನ್ಸಿಯಸ್‌ನಲ್ಲಿ ತನ್ನನ್ನು ತಾನು ತಿದ್ದಿಕೊಳ್ಳುವುದು ಅಂದರೆ ಮುಖ್ಯವಾಗಿ ಇದು. ಹೊಸದೇನನ್ನೋ ಹೊರಗಿಂದ ತಂದು ತುಂಬುವುದಲ್ಲ. ಒಂದು ಕಡೆ ಆಗಲೇ ಮಿಡಿದ ಮನಸ್ಸನ್ನು ಇನ್ನೊಂದು ಕಡೆಗೂ ಚಾಚುವುದು. ಎತ್ತಿನಿಂದ ಕುರಿಗೆ, ಕುರಿಯಿಂದ ಕಣ್ಣಿಗೆ ಕಾಣದ ರೈತನಿಗೆ. ಆ ರೈತನ ಹೊಟ್ಟೆಯ ಬಗ್ಗೆಯೂ ಅವನು ಅದೇ ಮಾತುಕತೆಯಲ್ಲಿ ಕಟುವಾಗಿ ಹೇಳಿದ್ದಾನೆ. ಗಟ್ಟಿ ಜೀವನೋಪಾಯ ಇಲ್ಲದ ಜನಕ್ಕೆ ಗಟ್ಟಿ ಮನಸ್ಸು ಇರುವುದಿಲ್ಲ. ಅವರನ್ನು ಅಲ್ಲಿಗೆ ತಂದಿಟ್ಟು, ತಪ್ಪು ಮಾಡಿದ ಮೇಲೆ ಶಿಕ್ಷೆ ಕೊಡುವುದು ಬಲೆ ಹಾಕಿ ಹಿಡಿದ ಹಾಗೆ. ದೊರೆಯ ಎದುರೇ ಇಂಥ ಮಾತಾಡಲು ಎಷ್ಟು ಗುಂಡಿಗೆ ಬೇಕು!

ಇನ್ನು ಶುನ್‌ಝಿ. ಕ್ರಿ.ಪೂ. 3ನೇ ಶತಮಾನ, ಝಾವೋ ರಾಜ್ಯದವನು. ಚಿ ರಾಜ್ಯದ ರಾಜಧಾನಿ ಲಿನ್‌ಝಿಯಲ್ಲಿದ್ದ ಜಿಶಿಯಾ ವಿದ್ಯಾಕೇಂದ್ರದಲ್ಲಿ ಮೂರು ಸಲ ಮುಖ್ಯಸ್ಥನಾಗಿದ್ದ. ಅವನ ಹೆಸರಿಗೆ ಅಂಟಿದ ಮಾತು: ಮನುಷ್ಯನ ಸ್ವಭಾವ ಕೆಟ್ಟದ್ದು, ಒಳ್ಳೆಯತನ ಮಾಡಿಕೊಂಡದ್ದು. ಜನ ಮೊದಲ ಅರ್ಧ ಓದಿ ಸಿಟ್ಟಾಗುತ್ತಾರೆ. ಎರಡನೇ ಅರ್ಧದಲ್ಲಿ ಅವನ ಜೀವ ಇದೆ. 'ಮಾಡಿಕೊಂಡದ್ದು' ಅನ್ನಲು ಅವನು ಬಳಸುವ ಪದ 'ವೇಯ್'. ಈಗಿನ ಚೀನೀ ಭಾಷೆಯಲ್ಲಿ ಅದಕ್ಕೆ ನಕಲಿ ಅಂತ ಅರ್ಥ. ಆ ಅಕ್ಷರವನ್ನು ಬಿಡಿಸಿದರೆ ಒಂದು ಕಡೆ 'ಮನುಷ್ಯ', ಇನ್ನೊಂದು ಕಡೆ 'ಮಾಡು'. ಶುನ್‌ಝಿಗೆ ಅದು ನಕಲಿ ಅಲ್ಲ. ಮನುಷ್ಯ ದುಡಿದು ಕಟ್ಟಿದ್ದು.

ಅವನ ಉದಾಹರಣೆ ಊಟದ ಮನೆಯದು. ಹಸಿದವನಿಗೆ ತಿನ್ನಬೇಕು ಅನಿಸುವುದು ಸ್ವಭಾವ. ಎದುರಿಗೆ ಹಿರಿಯರಿದ್ದರೆ ಅವನು ಮೊದಲು ಕೈ ಹಾಕುವುದಿಲ್ಲ. ದಣಿದವನಿಗೆ ಕೂರಬೇಕು ಅನಿಸುತ್ತದೆ. ಅಪ್ಪನ ಬದಲು ತಾನೇ ದುಡಿಯುವಾಗ ಅವನು ಕೂರುವುದಿಲ್ಲ. ಈ ತಡೆದುಕೊಳ್ಳುವ ಶಕ್ತಿ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ಯಾರೋ ಕಲಿಸಿದ್ದು, ದಿನಾ ಮಾಡಿ ಮಾಡಿ ಮೈಗೆ ಹತ್ತಿದ್ದು. ಈ ಕಲಿಕೆಯ ಸಾಧನ ಅವನಿಗೆ 'ಲಿ', ಅಂದರೆ ರೀತಿ ರಿವಾಜು. ಹೇಗೆ ಕೂರಬೇಕು, ಹೇಗೆ ಕೈ ಮುಗಿಯಬೇಕು, ಸತ್ತವರಿಗೆ ಎಷ್ಟು ದಿನ ಶೋಕ ಮಾಡಬೇಕು, ಎಲ್ಲ. ಒಳಗೆ ಅನಿಸದಿದ್ದರೂ ಕೈ ಮೊದಲು ಮಾಡಲಿ, ಮನಸ್ಸು ಹಿಂದಿನಿಂದ ಬರುತ್ತದೆ.

ನಮ್ಮಲ್ಲಿ 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅಂತಾರೆ. ಶುನ್‌ಝಿಯನ್ನು ಕೇಳಿದ್ದರೆ, ಬಗ್ಗುತ್ತದೆ ಅನ್ನುತ್ತಿದ್ದ. ಡೊಂಕು ಮರಕ್ಕೆ ಹಬೆ ಕೊಡಿ, ಅಚ್ಚಿಗೆ ಕಟ್ಟಿ, ನೆಟ್ಟಗಾಗುತ್ತದೆ. ಅವನು ಬಡಗಿಯ ಕೆಲಸ ಹತ್ತಿರದಿಂದ ನೋಡಿದವನು ಅಂತ ಈ ಮಾತಿನಿಂದಲೇ ಗೊತ್ತಾಗುತ್ತದೆ. ಮನುಷ್ಯರಲ್ಲಿ ಅವನಿಗಿದ್ದ ಭರವಸೆ ಏನೂ ಕಡಿಮೆ ಅಲ್ಲ. ಯಾರು ಬೇಕಾದರೂ ಯಾವೋ, ಶುನ್ ಎಂಬ ಪುರಾತನ ಸಂತ ದೊರೆಗಳಂತೆ ಆಗಬಹುದು ಅನ್ನುವ ಮಾತನ್ನು ಮೆನ್ಸಿಯಸ್ ಒಪ್ಪಿದ್ದ. ಬೀದಿಯಲ್ಲಿ ಹೋಗುವವನೂ ಯು ದೊರೆಯಂತೆ ಆಗಬಹುದು ಅಂತ ಶುನ್‌ಝಿ ಹೇಳಿದ. ಕೆಟ್ಟ ಸ್ವಭಾವ ಅಂದವನ ಬಾಯಲ್ಲೇ ಈ ಮಾತು ಬಂದದ್ದು ನೋಡಿ. ಇಬ್ಬರದೂ ಒಂದೇ ಊರಿಗೆ ಪ್ರಯಾಣ. ಜಗಳ ಇದ್ದದ್ದು ಎಲ್ಲಿಂದ ಹೊರಡಬೇಕು ಅನ್ನುವುದರಲ್ಲಿ. ಒಳಗಿನ ಮೊಳಕೆಗೆ ನೀರು ಹಾಕುವುದೋ, ಹೊರಗಿನ ಅಚ್ಚಿಗೆ ಮೈ ಒಪ್ಪಿಸುವುದೋ.

ಪರಿಸರದ ಬಗ್ಗೆಯೂ ಇಬ್ಬರೂ ಹತ್ತಿರವೇ. ಸೆಣಬಿನ ನಡುವೆ ಬೆಳೆದ ಬಳುಕುವ ಗಿಡ ಆಸರೆ ಇಲ್ಲದೆಯೂ ನೆಟ್ಟಗೆ ಬೆಳೆಯುತ್ತದೆ ಅಂತಾನೆ ಶುನ್‌ಝಿ. ಬೇರೆ ಬೇರೆ ಸೀಮೆಯ ಕೂಸುಗಳು ಹುಟ್ಟುವಾಗ ಅಳುವ ದನಿ ಒಂದೇ, ಬೆಳೆದ ಮೇಲೆ ಒಬ್ಬೊಬ್ಬರದು ಒಂದೊಂದು ರೀತಿ. ಕಲಿಕೆಯೇ ಹಾಗೆ ಮಾಡಿದ್ದು. ಈ ಮಾತಿಗೆ 1993ರಲ್ಲಿ ಅಚ್ಚರಿಯ ಜೊತೆ ಸಿಕ್ಕಿತು. ಹುಬೇಯ್ ಪ್ರಾಂತ್ಯದ ಗುವೋಡಿಯನ್‌ನಲ್ಲಿ ಕಳ್ಳರು ಕೈ ಹಾಕಿದ್ದ ಒಂದು ಗೋರಿಯನ್ನು ಅಗೆದಾಗ ಸುಮಾರು 800 ಬಿದಿರಿನ ಪಟ್ಟಿಗಳು ಸಿಕ್ಕವು. ಕ್ರಿ.ಪೂ. 300ರ ಆಸುಪಾಸಿನಲ್ಲಿ ಮುಚ್ಚಿದ ಗೋರಿ ಅದು. ಅದರಲ್ಲಿದ್ದ, ಅಲ್ಲಿಯವರೆಗೆ ಯಾರೂ ಓದಿರದ ಒಂದು ಬರಹ ಹೇಳುತ್ತದೆ: ನಾಲ್ಕು ಕಡಲೊಳಗೆ ಎಲ್ಲರ ಸ್ವಭಾವ ಒಂದೇ. ಮನಸ್ಸನ್ನು ಬಳಸುವ ಬಗೆ ಬೇರೆ ಬೇರೆ. ಕಲಿಕೆಯಿಂದ ಹಾಗಾಯಿತು. ಆ ಪಟ್ಟಿಗಳಲ್ಲಿ ಇನ್ನೊಂದು ಸಣ್ಣ ಸೋಜಿಗ ಇದೆ. ಕನ್‌ಫ್ಯೂಷಿಯಸ್‌ನ ಮುಖ್ಯ ಪದ 'ರೆನ್', ಅಂದರೆ ಮನುಷ್ಯತ್ವ. ಈಗ ಅದನ್ನು 'ಮನುಷ್ಯ' ಮತ್ತು 'ಎರಡು' ಸೇರಿಸಿ ಬರೆಯುತ್ತಾರೆ. ಗುವೋಡಿಯನ್‌ನಲ್ಲಿ ಬರೆದವನು 'ಹೃದಯ'ದ ಮೇಲೆ 'ಮೈ' ಇಟ್ಟಿದ್ದಾನೆ. ಕೆಳಗೆ ಎದೆ, ಮೇಲೆ ಮೈ. ಎದೆಯಲ್ಲಿ ಎದ್ದದ್ದು ಮೈಗೆ ಬರಬೇಕು ಅನ್ನುವುದನ್ನು ಒಂದೇ ಅಕ್ಷರದಲ್ಲಿ ಬರೆದ ಹಾಗಿದೆ. ಇದು ನನ್ನ ಓದು, ಪಂಡಿತರು ಬೇರೆ ಅರ್ಥ ಹೇಳಬಹುದು.

ಮುಂದೆ ಶುನ್‌ಝಿ ಮೂಲೆಗೆ ಬಿದ್ದ. ಅವನ ಶಿಷ್ಯರಾದ ಹಾನ್ ಫೇಯ್ ಮತ್ತು ಲಿ ಸ ಶಿಕ್ಷೆಯನ್ನೇ ನಂಬಿದ ಚಿನ್ ಆಡಳಿತದ ಜೊತೆ ಗುರುತಿಸಿಕೊಂಡದ್ದು ಅವನ ಹೆಸರಿಗೂ ಮಸಿಯಾಯಿತು. 12ನೇ ಶತಮಾನದಲ್ಲಿ ಝು ಶಿ ಎಂಬ ಪಂಡಿತ ಆರಿಸಿದ ನಾಲ್ಕು ಪುಸ್ತಕಗಳಲ್ಲಿ ಮೆನ್ಸಿಯಸ್ ಸೇರಿದ. ಮುಂದೆ ಸರಕಾರಿ ಪರೀಕ್ಷೆಗೆ ಅವೇ ಪಠ್ಯವಾದವು, 1905ರಲ್ಲಿ ಆ ಪರೀಕ್ಷೆ ನಿಲ್ಲುವವರೆಗೂ. 'ಮೂರಕ್ಷರ'ದ ಬಾಲಪಾಠದಲ್ಲಿ ಚೀನೀ ಮಕ್ಕಳು ಇವತ್ತಿಗೂ ಮೊದಲು ಉರು ಹೊಡೆಯುವುದು, ಮನುಷ್ಯನ ಸ್ವಭಾವ ಹುಟ್ಟಾ ಒಳ್ಳೆಯದು ಅನ್ನುವ ಸಾಲನ್ನೇ. ಮೆನ್ಸಿಯಸ್ ಗೆದ್ದ. ಅವನು ಮೊಳಕೆ ಅಂದದ್ದನ್ನು ಮಾತ್ರ ಜನ ಫಸಲು ಅಂದುಕೊಂಡರು ಅಂತ ನನಗೆ ಅನುಮಾನ.

ಫೋಶಾನ್ ನಂತರ ಚೀನಾ ಮಾಡಿದ್ದು ಶುನ್‌ಝಿ ಒಪ್ಪುವಂಥ ಕೆಲಸ. 2013ರಲ್ಲಿ ಶೆನ್‌ಝೆನ್ ನಗರ ಸಹಾಯ ಮಾಡಿದವರನ್ನು ಕಾಪಾಡುವ ನಿಯಮ ತಂದಿತು. 2017ರ ಅಕ್ಟೋಬರ್ 1ರಿಂದ ಇಡೀ ದೇಶಕ್ಕೆ ಒಂದು ಕಲಮು ಜಾರಿಯಾಯಿತು. ಈಗ ಅದು 2021ರಿಂದ ಜಾರಿಯಲ್ಲಿರುವ ಸಿವಿಲ್ ಸಂಹಿತೆಯ 184ನೇ ಕಲಮು. ತಾನಾಗಿ ಮುಂದೆ ಬಂದು ತುರ್ತು ಸಹಾಯ ಮಾಡುವಾಗ ಸಹಾಯ ಪಡೆದವರಿಗೆ ಏನಾದರೂ ಹಾನಿಯಾದರೆ, ಸಹಾಯ ಮಾಡಿದವರು ಹೊಣೆಯಲ್ಲ. ಅಷ್ಟೇ, ಒಂದೇ ಸಾಲು. (ನಮ್ಮ ಕರ್ನಾಟಕದಲ್ಲೂ ಜೀವ ಉಳಿಸಲು ಬಂದವರನ್ನು ಕಾಪಾಡುವ 2016ರ ಕಾಯ್ದೆ ಇದೆ. ಎಷ್ಟು ಜನಕ್ಕೆ ಗೊತ್ತು?)

ಇಂಥ ಕಲಮು ಭಯವನ್ನು ತೆಗೆಯುತ್ತದೆ. ಮೆನ್ಸಿಯಸ್‌ನ ಮಾತಿನಲ್ಲಿ ಹೇಳಿದರೆ ಕೊಡಲಿಯನ್ನು ಕೈಯಿಂದ ಕಿತ್ತುಕೊಳ್ಳುತ್ತದೆ. ಅದು ಬಹಳ ದೊಡ್ಡ ವಿಷಯ, ನಾನು ಅದನ್ನು ಹಗುರ ಮಾಡುವುದಿಲ್ಲ. ಆದರೆ ಕಾನೂನು ಗಿಡ ನೆಡುವುದಿಲ್ಲ. ಶುನ್‌ಝಿಗೂ ಇದು ಗೊತ್ತಿತ್ತು. ಅವನ ಅಚ್ಚು ಬರೀ ಕಾನೂನಲ್ಲ, ಮುಖ್ಯವಾಗಿ ಗುರು ಮತ್ತು ರೀತಿ ರಿವಾಜು. ಬಿದ್ದವರನ್ನು ಹೇಗೆ ಎತ್ತಬೇಕು, ರಕ್ತ ಸುರಿಯುವಾಗ ಎಲ್ಲಿ ಒತ್ತಿ ಹಿಡಿಯಬೇಕು, ಯಾರಿಗೆ ಫೋನ್ ಮಾಡಬೇಕು ಅಂತ ಶಾಲೆಯಲ್ಲಿ ಹತ್ತು ಸಲ ಕೈಯಿಂದಲೇ ಮಾಡಿಸಿದರೆ, ಹನ್ನೊಂದನೇ ಸಲ ರಸ್ತೆಯಲ್ಲಿ ಕೈ ತಾನಾಗಿ ಏಳುತ್ತದೆ. ಅವನು 'ಲಿ' ಅಂದದ್ದರ ಇವತ್ತಿನ ರೂಪ ಇದೇ ಅಂತ ನಾನು ನಂಬುತ್ತೇನೆ.

ವಿಜ್ಞಾನ ಈ ಜಗಳ ಬಗೆಹರಿಸಿದೆಯೇ ಅಂತ ಕೆಲವರು ಕೇಳುತ್ತಾರೆ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು, ಸಹಾಯ ಮಾಡುವ ಬೊಂಬೆ ಮತ್ತು ಅಡ್ಡಿ ಮಾಡುವ ಬೊಂಬೆ ತೋರಿಸಿದರೆ ಹಸುಗೂಸುಗಳು ಸಹಾಯ ಮಾಡುವುದನ್ನೇ ಆರಿಸುತ್ತವೆ ಅಂತ ತೋರಿಸಿದ್ದರು. ಮೆನ್ಸಿಯಸ್ ಗೆದ್ದ ಅಂತ ಬಹಳ ಜನ ಬರೆದರು. ಆಮೇಲೆ ಹಲವು ದೇಶಗಳ ಹಲವು ಲ್ಯಾಬ್‌ಗಳು ಒಟ್ಟಾಗಿ ಅದನ್ನೇ ಮಾಡಿ ನೋಡಿದಾಗ ಆ ಒಲವು ಕಾಣಲಿಲ್ಲ. ಕೂಸುಗಳು ನಮ್ಮ ಕೆಲಸವನ್ನು ಹಗುರ ಮಾಡಿಕೊಡುವ ಹಾಗೆ ಕಾಣುವುದಿಲ್ಲ.

ಮತ್ತೆ ಆ ಗುಜರಿಯ ಅಮ್ಮನ ಕಡೆಗೆ ಬರುತ್ತೇನೆ. ಸುದ್ದಿ ಹಬ್ಬಿದ ಮೇಲೆ ಆಕೆಯನ್ನು ಟಿವಿಯವರು ಮುತ್ತಿಕೊಂಡರು, ಬಹುಮಾನಗಳು ಬಂದವು. ಜೊತೆಗೇ ಗುಸುಗುಸುವೂ ಶುರುವಾಯಿತು. ಹೆಸರು ಬರಲಿ ಅಂತ, ದುಡ್ಡು ಸಿಗಲಿ ಅಂತ ಮಾಡಿದಳು. ಆಕೆಗೆ ಇದು ಬಹಳ ನೋವು ಕೊಟ್ಟಿತು. ಆಗ ಏನೂ ಯೋಚಿಸಲಿಲ್ಲ, ಮಗುವನ್ನು ಉಳಿಸಬೇಕು ಅನಿಸಿತು ಅಷ್ಟೇ ಅನ್ನುವುದು ಆಕೆಯ ಉತ್ತರ. ಮೆನ್ಸಿಯಸ್‌ನ ಬಾವಿಯ ಸಾಲುಗಳನ್ನು ಮತ್ತೆ ತೆಗೆದು ಓದಿದೆ. 'ಊರವರು, ಗೆಳೆಯರು ಹೊಗಳಲಿ ಅಂತ ಅಲ್ಲ.' ಇಷ್ಟು ದಿನ ಅದನ್ನು ಬರೀ ತರ್ಕದ ಒಂದು ಹೆಜ್ಜೆ ಅಂದುಕೊಂಡಿದ್ದೆ. ಈಗ ಅನಿಸುತ್ತದೆ, ಅವನ ಊರಿನಲ್ಲೂ ಮಗುವನ್ನು ಎತ್ತಿದ ಯಾರನ್ನೋ ಜನ ಹೀಗೇ ಅಂದಿರಬೇಕು. ಅವನು ಅದನ್ನು ಕೇಳಿಸಿಕೊಂಡಿರಬೇಕು.